ಬೀದಿ ಕಾಯಿಸುವ ಒಲೆ

ಮನೆಯನ್ನು ಬೆಚ್ಚಗೆ ಮಾಡಿಕೊಳ್ಳುವವರನ್ನು ಎಲ್ಲರೂ ಬಲ್ಲರು. ಬೀದಿಯನ್ನೇ ಬೆಚ್ಚಗೆ ಮಾಡಲು ಹೊರಟವರನ್ನು ನಾನು ಕಂಡದ್ದು ಪ್ಯಾರಿಸ್ ನಗರದಲ್ಲಿ.

ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗರಿಗೆ ಅರ್ಥಶಾಸ್ತ್ರ ಹೇಳಿದವನು ನಾನು. ಮನುಷ್ಯನಿಗೆ ಇರುವ ಸಾಧನ ಸ್ವಲ್ಪ, ತೀರಿಸಿಕೊಳ್ಳಬೇಕಾದ ಬಯಕೆ ಬಹಳ. ಆದ್ದರಿಂದ ಯಾವುದನ್ನೂ ಹಾಳುಮಾಡಕೂಡದು ಎಂಬುದು ಆ ಶಾಸ್ತ್ರದ ಮೊದಲ ಪಾಠ. ಅಂಥವನು, ಡಿಸೆಂಬರ್ ತಿಂಗಳ ಕೊರೆಯುವ ಚಳಿಯಲ್ಲಿ, ಬಾಗಿಲಿಲ್ಲದ, ಎದುರಿಗೆ ಗೋಡೆಯಿಲ್ಲದ ಜಾಗದಲ್ಲಿ ವಿದ್ಯುತ್ ಒಲೆ ಹಚ್ಚಿಕೊಂಡು ರಾತ್ರಿಯ ಊಟಕ್ಕೆ ಕುಳಿತ ಜನವನ್ನು ನೋಡಿದರೆ ಏನನ್ನಬೇಕು? ‘ಇವರಿಗೆ ದುಡ್ಡು ಹೆಚ್ಚಾಗಿದೆ, ಬುದ್ಧಿ ಕಡಮೆಯಾಗಿದೆ’ ಎಂದೇ ಅಂದೆ. ಆ ಮಾತನ್ನು ನಾನು ಇನ್ನೂ ಪೂರ್ತಿಯಾಗಿ ಹಿಂದಕ್ಕೆ ತೆಗೆದುಕೊಂಡಿಲ್ಲ. ಆದರೆ ಅದನ್ನು ಅಂದ ಹೊತ್ತಿಗಾಗಿ ನನಗೆ ವ್ಯಥೆಯಿದೆ.

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ಮಿತ್ರರು ‘ಪರದೇಶಕ್ಕೆ ಹೋಗಿ ಬಂದಿದ್ದೀರಿ, ಏನಾದರೂ ಬರೆದುಕೊಡಿ’ ಎಂದು ಕೇಳಿದರು. ಐಫೆಲ್ ಗೋಪುರದ ಎತ್ತರ, ಲೂವ್ರ್ ಸಂಗ್ರಹಾಲಯದ ಚಿತ್ರಗಳು, ಇವೆಲ್ಲ ಪುಸ್ತಕಗಳಲ್ಲಿ ಸಿಕ್ಕುತ್ತವೆ. ನಾನು ಬರೆಯಬೇಕೆಂದಿರುವುದು ಒಂದು ಬೀದಿಮೂಲೆಯ ಹೋಟೆಲಿನ ಮುಂದೆ ಕಳೆದ ಎರಡು ಸಂಜೆಗಳನ್ನು ಮಾತ್ರ. ಮೊದಲನೆಯದು 2019ರ ಡಿಸೆಂಬರಿನದು. ಎರಡನೆಯದು 2022ರ ಡಿಸೆಂಬರಿನದು. ನಡುವೆ ಮೂರೇ ವರ್ಷ. ಆ ಮೂರು ವರ್ಷಗಳಲ್ಲಿ ಲೋಕದಲ್ಲಿ ಏನೇನಾಯಿತೆಂಬುದು ಓದುಗರಿಗೆ ಗೊತ್ತೇ ಇದೆ.

ಮೊದಲು ಒಂದು ಶಬ್ದದ ವಿಚಾರ. ಟೆರೇಸು ಎಂದರೆ ನಮಗೆ ತಾರಸಿ. ಹಪ್ಪಳ ಒಣಗಿಸುವ ಜಾಗ. ಪ್ಯಾರಿಸಿನವರು ‘ತೆರಾಸ್’ ಎನ್ನುವುದು ನೆಲದ ಮೇಲಿನದನ್ನೇ. ಹೋಟೆಲಿನ ಮುಂದಿನ ಫುಟ್‌ಪಾತಿನಲ್ಲಿ ಗುಂಡನೆಯ ಪುಟ್ಟ ಮೇಜುಗಳನ್ನೂ ಬೆತ್ತದ ಕುರ್ಚಿಗಳನ್ನೂ ಸಾಲಾಗಿ ಜೋಡಿಸಿ, ಮೇಲೆ ಒಂದು ಬಟ್ಟೆಯ ಚಪ್ಪರ ಚಾಚಿರುತ್ತಾರೆ. ಅದಕ್ಕೆ ನಗರಸಭೆಗೆ ಬಾಡಿಗೆ ಕಟ್ಟುತ್ತಾರೆ. ಒಳಗೆ ಕಟ್ಟೆಯ ಬಳಿ ನಿಂತು ಕುಡಿದರೆ ಕಾಫಿಗೆ ಒಂದು ಬೆಲೆ. ಹೊರಗೆ ಕುಳಿತರೆ ಅನೇಕ ಕಡೆ ಹೆಚ್ಚಿನ ಬೆಲೆ. ಅಂದರೆ ಜನ ಅಲ್ಲಿ ಕಾಫಿಗೆ ಮಾತ್ರವಲ್ಲ, ಕುಳಿತುಕೊಳ್ಳುವುದಕ್ಕೂ ದುಡ್ಡು ಕೊಡುತ್ತಾರೆ. ಆದರೆ ಕೊಟ್ಟ ಮೇಲೆ ಒಂದು ಲೋಟ ಕಾಫಿ ಇಟ್ಟುಕೊಂಡು ಎರಡು ಗಂಟೆ ಕುಳಿತರೂ ಮಾಣಿ ಬಂದು ‘ಇನ್ನೇನು ಬೇಕು?’ ಎಂದು ಮೇಜು ಒರಸುವ ನೆಪದಲ್ಲಿ ಎಬ್ಬಿಸುವುದಿಲ್ಲ.

ಮೊದಲು ನನಗೆ ಇದು ವಿಚಿತ್ರವಾಗಿ ಕಂಡಿತು. ನನ್ನ ಹೆಂಡತಿಗೆ ಕಾಣಲಿಲ್ಲ. ಅವಳು ಒಂದು ಸಲ ನೋಡಿ, ‘ಇದು ಜಗಲಿ ಕಣ್ರೀ’ ಎಂದುಬಿಟ್ಟಳು. ಸರಿಯೇ. ಮನೆಯೂ ಅಲ್ಲದ ಬೀದಿಯೂ ಅಲ್ಲದ ಜಾಗ. ಒಳಗಿರುವವರ ಹಕ್ಕೂ ಉಂಟು, ಹೊರಗೆ ಹೋಗುವವರ ದರ್ಶನವೂ ಉಂಟು. ನಮ್ಮ ಮಗಳು ಅಲ್ಲಿ ಒಂದು ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದಳು. ಲಿಯೋನ್ ರೈಲು ನಿಲ್ದಾಣದ ಸಮೀಪದಲ್ಲಿ, ಮೂರನೆಯ ಅಂತಸ್ತಿನಲ್ಲಿ ಒಂದೇ ಕೋಣೆಯ ಮನೆ. ಮಂಚ ಬಿಡಿಸಿದರೆ ಮೇಜು ಮಡಚಬೇಕು. ಇಂಥ ಮನೆಗಳಲ್ಲಿ ಇರುವ ಲಕ್ಷಾಂತರ ಜನಕ್ಕೆ ನೆಂಟರು ಬಂದರೆ ಕೂಡಿಸಲು ಜಾಗವೆಲ್ಲಿ? ಕೆಳಗಿನ ಹೋಟೆಲಿನ ತೆರಾಸೇ ಅವರ ಜಗಲಿ, ಅದೇ ಅವರ ನಡುಮನೆ.

ಬೇಸಗೆಯಲ್ಲಾದರೆ ಸರಿ. ಚಳಿಗಾಲದಲ್ಲಿ ಜಗಲಿಯಲ್ಲಿ ಕೂಡುವುದು ಹೇಗೆ? ಅದಕ್ಕೆ ಅವರು ಬಹು ಹಿಂದಿನಿಂದಲೇ ಉಪಾಯ ಕಂಡುಕೊಂಡಿದ್ದಾರೆ. ಅಮೆರಿಕದ ಕಾದಂಬರಿಕಾರ ಹೆಮಿಂಗ್‌ವೇ 1920ರ ದಶಕದಲ್ಲಿ ತಾನು ಪ್ಯಾರಿಸಿನಲ್ಲಿ ಕಳೆದ ದಿನಗಳನ್ನು ಕುರಿತು ಬರೆದ ನೆನಪಿನ ಪುಸ್ತಕ ಅವನು ತೀರಿಕೊಂಡ ಮೇಲೆ 1964ರಲ್ಲಿ ಅಚ್ಚಾಯಿತು. ಒಳ್ಳೆಯ ಕೆಫೆಗಳ ಮುಂದೆ ಚಳಿಗಾಲದಲ್ಲಿ ಕೆಂಡದ ಒಲೆಗಳನ್ನಿಡುತ್ತಿದ್ದರೆಂದು ಅದರಲ್ಲಿ ಹೇಳಿದೆ. ಕೆಂಡ ಹೋಗಿ ಕಾಲಕ್ರಮದಲ್ಲಿ ಗ್ಯಾಸು ಬಂತು, ವಿದ್ಯುತ್ತು ಬಂತು. 2008ರ ಜನವರಿ 1ರಿಂದ ಫ್ರಾನ್ಸಿನ ಹೋಟೆಲುಗಳ ಒಳಗೆ ಧೂಮಪಾನ ನಿಷಿದ್ಧವಾಯಿತು. ಸಿಗರೇಟು ಬಿಡಲಾರದವರೆಲ್ಲ ಹೊರಕ್ಕೆ ಬಂದರು. ಅವರು ಚಳಿಗೆ ಹೆದರಿ ಬೇರೆ ಕಡೆ ಹೋಗದಂತೆ ಹೋಟೆಲಿನವರು ಹೊರಗಡೆಯ ಒಲೆಗಳನ್ನು ಹೆಚ್ಚಿಸಿದರು. ಒಳ್ಳೆಯ ಉದ್ದೇಶದ ಒಂದು ಕಾನೂನು ಯಾರೂ ಎಣಿಸದ ಇನ್ನೊಂದು ಖರ್ಚಿಗೆ ದಾರಿ ಮಾಡುವುದು ಹೀಗೆ. ಇದನ್ನು ನಾನು ತರಗತಿಯಲ್ಲಿ ಉದಾಹರಣೆಯಾಗಿ ಹೇಳಬಹುದಾಗಿತ್ತು. ಆದರೆ ಅಷ್ಟು ಹೊತ್ತಿಗೆ ನಿವೃತ್ತನಾಗಿದ್ದೆ.

ಮಗಳ ಮನೆಯ ಕೆಳಗಿನ ಹೋಟೆಲಿನಲ್ಲಿ ಇದ್ದದ್ದು ವಿದ್ಯುತ್ತಿನ ಒಲೆ. ಚಪ್ಪರದ ಕೆಳಗೆ ಉದ್ದುದ್ದನೆಯ ಎಂಟು ದೀಪಗಳನ್ನು ತೂಗುಹಾಕಿದ್ದರು. ಸಂಜೆ ಐದಕ್ಕೆಲ್ಲ ಕತ್ತಲಾಗುವ ಊರು. ಕತ್ತಲಾದೊಡನೆ ಮಾಣಿ ಗುಂಡಿ ಒತ್ತಿದರೆ ಎಂಟೂ ಕೆಂಡದಂತೆ ಕೆಂಪಾಗುತ್ತಿದ್ದವು. ಅವು ಗಾಳಿಯನ್ನು ಕಾಯಿಸುವುದಕ್ಕಿಂತ ಹೆಚ್ಚಾಗಿ ಕೆಳಗೆ ಕುಳಿತವರ ಮೈಯನ್ನೇ ನೇರವಾಗಿ ಕಾಯಿಸುತ್ತವೆ. ಚಳಿಗಾಲದ ಬೆಳಗ್ಗೆ ಸೂರ್ಯನ ಬಿಸಿಲು ತಾಗಿದ ಹಾಗೆ. ಆದ್ದರಿಂದಲೇ ಗಾಳಿ ಬೀಸಿದರೂ ಬಿಸಿ ತಿಳಿಯುತ್ತದೆ. ಆದರೆ ಎರಡು ಹೆಜ್ಜೆ ಆಚೆ ಸರಿದರೆ ಆ ಬಿಸಿ ಇಲ್ಲ. ನೆತ್ತಿ ಕಾಯುತ್ತದೆ, ಮೂಗು ಕಾಯುತ್ತದೆ, ಮೇಜಿನ ಕೆಳಗಿನ ಮೊಣಕಾಲು ತಣ್ಣಗೇ ಇರುತ್ತದೆ. ಬೆಚ್ಚಗಾದ ಅಷ್ಟಿಷ್ಟು ಗಾಳಿಯೂ ಮೇಲೆದ್ದು ಚಪ್ಪರದ ಅಂಚಿನಿಂದ ಜಾರಿ ಹೋಗಿಬಿಡುತ್ತದೆ.

ಆ ಡಿಸೆಂಬರಿನಲ್ಲಿ ಪ್ಯಾರಿಸಿನಲ್ಲಿ ದೊಡ್ಡ ಮುಷ್ಕರ. ಸರ್ಕಾರ ಪಿಂಚಣಿಯ ನಿಯಮಗಳನ್ನು ಬದಲಾಯಿಸಲು ಹೊರಟಿತ್ತು. ಅದನ್ನು ವಿರೋಧಿಸಿ 5ನೆಯ ತಾರೀಖಿನಿಂದ ರೈಲಿನವರೂ ಮೆಟ್ರೋದವರೂ ಕೆಲಸ ನಿಲ್ಲಿಸಿದ್ದರು. ಚಾಲಕನಿಲ್ಲದೆ ತಾನೇ ಓಡುವ 1ನೆಯ ಮತ್ತು 14ನೆಯ ಮೆಟ್ರೋ ಮಾರ್ಗಗಳು ಮಾತ್ರ ಎಂದಿನಂತೆ ಓಡುತ್ತಿದ್ದವು. ಅವುಗಳಲ್ಲಿ ಕಾಲಿಡಲು ಜಾಗವಿಲ್ಲ. ಆದ್ದರಿಂದ ನಾವು ಎಲ್ಲಿಗೆ ಹೋದರೂ ನಡೆದೇ ಹೋಗಬೇಕಾಯಿತು. ನಾವು ಹೊರಡುವ ಹಿಂದಿನ ದಿನ ನೋತ್ರದಾಮ್ ದೇವಾಲಯ ನೋಡಲು ಹೋದೆವು. ಅದೇ ವರ್ಷ ಏಪ್ರಿಲ್ 15ರಂದು ಅದರ ಮಾಡು ಸುಟ್ಟುಹೋಗಿತ್ತು. ಸುತ್ತ ಕಬ್ಬಿಣದ ಸಾರುವೆ ಕಟ್ಟಿ, ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಹೊರಗಿನಿಂದಲೇ ಕೈಮುಗಿದು, ಸೇನ್ ನದಿಯ ದಂಡೆ ಹಿಡಿದು ಹಿಂದಿರುಗಿದೆವು. ದಾರಿಯಲ್ಲಿ ಒಬ್ಬ ತಳ್ಳುಗಾಡಿಯವನು ಕೆಂಡದ ಮೇಲೆ ಚೆಸ್ಟ್‌ನಟ್ ಎಂಬ ಕಾಯನ್ನು ಸುಟ್ಟು ಮಾರುತ್ತಿದ್ದ. ನನ್ನಾಕೆ ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡು ಅಲ್ಲೇ ನಿಂತುಬಿಟ್ಟಳು. ‘ಸುಟ್ಟ ಹಲಸಿನಬೀಜ!’ ಎಂದಳು.

ಅವಳು ಮಲೆನಾಡಿನ ಹೆಣ್ಣು. ನಾನು ಬಯಲುಸೀಮೆಯವನು, ನಮ್ಮಲ್ಲಿ ಬಿಸಿ ಎಂಬುದು ಬಿಟ್ಟಿ ಸಿಕ್ಕುವ ವಸ್ತು, ಕೆಲವು ತಿಂಗಳು ಬೇಡವೆಂದರೂ ಸಿಕ್ಕುವ ವಸ್ತು. ಅವಳಿಗೋ ಜೀವಮಾನವೆಲ್ಲ ಚಳಿ. ‘ಮಲೆನಾಡಿನವರಿಗೆ ಚಳಿ ಅಭ್ಯಾಸವಲ್ಲವೆ?’ ಎಂದು ನಾನು ಹಾಸ್ಯ ಮಾಡಿದರೆ, ‘ಚಳಿ ಅಭ್ಯಾಸವಲ್ಲ, ಬೆಂಕಿ ಅಭ್ಯಾಸ’ ಎನ್ನುತ್ತಿದ್ದಳು. ಮಳೆಗಾಲದಲ್ಲಿ ಅವರ ಮನೆಯ ಬಚ್ಚಲೊಲೆಯ ಬೆಂಕಿ ಆರುತ್ತಿರಲಿಲ್ಲವಂತೆ. ಮೇಲೆ ತಾಮ್ರದ ಹಂಡೆ, ಕೆಳಗೆ ಕುಂಟೆ. ಅದರ ಮುಂದೆ ಮನೆಯ ಮಕ್ಕಳೆಲ್ಲ ಕುಕ್ಕರುಗಾಲಿನಲ್ಲಿ ಕುಳಿತು ಹಲಸಿನಬೀಜ ಸುಟ್ಟು ತಿನ್ನುವುದು. ಗುಟ್ಟಿನ ಮಾತುಗಳೆಲ್ಲ ನಡೆಯುತ್ತಿದ್ದದ್ದು ಅಲ್ಲಿಯೇ. ಮುಖ ಬೆಂಕಿಯ ಕಡೆಗೆ ಇರುವುದರಿಂದ ಹೇಳುವವರಿಗೂ ನಾಚಿಕೆಯಿಲ್ಲ, ಕೇಳುವವರಿಗೂ ಸಂಕೋಚವಿಲ್ಲ.

ಅಂದು ಸಂಜೆ ಏಳೂವರೆಗೆ ನಾವು ಮೂವರೂ ಆ ತೆರಾಸಿನಲ್ಲಿ ಊಟಕ್ಕೆ ಕುಳಿತೆವು. ಹೊರಗೆ ಐದಾರು ಡಿಗ್ರಿ ಚಳಿ. ಅಲ್ಲಿನ ಈರುಳ್ಳಿ ಸೂಪು ಬಹಳ ಪ್ರಸಿದ್ಧ. ಆದರೆ ಅದನ್ನು ಸಾಮಾನ್ಯವಾಗಿ ಮಾಂಸದ ರಸದಲ್ಲಿ ಕುದಿಸುತ್ತಾರೆಂದು ಮಗಳು ಎಚ್ಚರಿಸಿದಳು. ಸಿಹಿಗುಂಬಳದ ಸೂಪು ತರಿಸಿದಳು. ‘ಒಗ್ಗರಣೆ ಮರೆತ ಕುಂಬಳಕಾಯಿ ಸಾರು’ ಎಂದು ಇವಳು ತೀರ್ಪು ಕೊಟ್ಟು, ಪೂರ್ತಿ ಕುಡಿದಳು. ಆಮೇಲೆ ಸುಟ್ಟ ಬ್ರೆಡ್ಡಿನ ಮೇಲೆ ಬಿಸಿಮಾಡಿದ ಆಡಿನ ಹಾಲಿನ ಚೀಸು, ಸೊಪ್ಪು, ಕರಿದ ಆಲೂಗಡ್ಡೆ. ನೀರನ್ನು ಗಾಜಿನ ಹೂಜಿಯಲ್ಲಿ ತಂದಿಟ್ಟರು; ಅದಕ್ಕೆ ಮಾತ್ರ ದುಡ್ಡಿಲ್ಲ.

ಆ ಕುರ್ಚಿಗಳ ವಿಶೇಷವನ್ನು ಇಲ್ಲಿ ಹೇಳಬೇಕು. ನಮ್ಮ ಹೋಟೆಲುಗಳಲ್ಲಿ ಎದುರುಬದುರಾಗಿ ಕೂಡುತ್ತೇವೆ. ಅಲ್ಲಿ ತೆರಾಸಿನ ಕುರ್ಚಿಗಳು ಎಲ್ಲವೂ ಬೀದಿಗೆ ಮುಖ ಮಾಡಿರುತ್ತವೆ, ನಾಟಕಶಾಲೆಯಲ್ಲಿದ್ದ ಹಾಗೆ. ಜೊತೆಯವರು ಪಕ್ಕದಲ್ಲಿರುತ್ತಾರೆ, ಎದುರಿಗಲ್ಲ. ಬೀದಿಯಲ್ಲಿ ಹೋಗುವವರನ್ನು ನೋಡುತ್ತ, ಪಕ್ಕದವರೊಡನೆ ಮಾತಾಡುವುದು.

ನಮ್ಮ ಮನೆಯ ಒಂದು ವಿಷಯ ಹೇಳದೆ ಮುಂದುವರಿಯುವಂತಿಲ್ಲ. ತಾಯಿಗೂ ಮಗಳಿಗೂ ಎರಡು ವರ್ಷದಿಂದ ಸರಿಯಾದ ಮಾತಿರಲಿಲ್ಲ. ಒಳ್ಳೆಯ ಸಂಬಂಧವೊಂದು ಬಂದಿತ್ತು. ಮಗಳು ‘ಓದು ಮುಗಿಯದೆ ಮದುವೆ ಬೇಡ’ ಎಂದು ಹೊರಟುಬಿಟ್ಟಿದ್ದಳು. ತಾಯಿ ಬೈಯಲಿಲ್ಲ, ಅಳಲಿಲ್ಲ, ಸುಮ್ಮನಾದಳು. ಆ ಒಂದೇ ಕೋಣೆಯಲ್ಲಿ ಹತ್ತು ದಿನ ಇಬ್ಬರೂ ಒಬ್ಬರಿಗೊಬ್ಬರು ಎದುರಾಗದಂತೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದರು. ಒಬ್ಬಳು ಪಾತ್ರೆ ತೊಳೆದರೆ ಇನ್ನೊಬ್ಬಳು ಬಟ್ಟೆ ಮಡಚುವುದು.

ಅಂದು ಆ ಕೆಂಪು ದೀಪದ ಕೆಳಗೆ ಇವಳು ಎರಡು ಕೈಗಳನ್ನೂ ಮೇಲಕ್ಕೆತ್ತಿ, ಅಂಗೈ ಕಾಯಿಸಿಕೊಂಡು ಕೆನ್ನೆಗೆ ಒತ್ತಿಕೊಂಡಳು, ಬಚ್ಚಲೊಲೆಯ ಮುಂದೆ ಮಾಡುವ ಹಾಗೆ. ಪಕ್ಕದ ಮೇಜಿನವರು ನೋಡಿ ನಕ್ಕರು. ಇವಳೂ ನಕ್ಕಳು. ಆಮೇಲೆ ಬೀದಿಯ ಕಡೆ ನೋಡುತ್ತ, ಮೆಲ್ಲನೆ, ಮಗಳೊಡನೆ ಏನೋ ಹೇಳಲು ತೊಡಗಿದಳು. ಮಗಳು ಬೀದಿಯ ಕಡೆಗೇ ನೋಡುತ್ತ ಕೇಳುತ್ತಿದ್ದಳು. ನಾನು ಆ ಕೊನೆಯ ಕುರ್ಚಿಯಲ್ಲಿದ್ದೆ, ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಆಸಕ್ತಿಯೂ ಇರಲಿಲ್ಲ. ನಾನು ಲೆಕ್ಕ ಹಾಕುತ್ತಿದ್ದೆ.

ದೀಪ ಒಂದಕ್ಕೆ ಎರಡು ಕಿಲೋವಾಟ್ ಎಂದಿಟ್ಟುಕೊಳ್ಳೋಣ. ಎಂಟು ದೀಪಕ್ಕೆ ಹದಿನಾರು. ಸಂಜೆ ಐದರಿಂದ ಹನ್ನೊಂದರವರೆಗೆ ಆರು ಗಂಟೆ. ಒಟ್ಟು 96 ಯೂನಿಟ್ಟು. ನಮ್ಮ ಮನೆಯಲ್ಲಿ ತಿಂಗಳಿಗೆ ಬರುವುದು ಹೆಚ್ಚು ಕಡಮೆ ನೂರು ಯೂನಿಟ್ಟು. ಅಂದರೆ ನಾವು ಒಂದು ತಿಂಗಳು ದೀಪ ಹಚ್ಚಿ, ನೀರೆತ್ತಿ, ಹಿಟ್ಟು ರುಬ್ಬಿ ಸಂಸಾರ ಮಾಡುವ ವಿದ್ಯುತ್ತನ್ನು ಈ ಒಂದು ಬೀದಿಮೂಲೆ ಒಂದು ಸಂಜೆಗೆ ಆಕಾಶಕ್ಕೆ ಬಿಡುತ್ತಿದೆ! ಈ ಶೋಧನೆಯಿಂದ ನನಗೆ ಎಂಥ ಉತ್ಸಾಹ ಬಂತೆಂದರೆ, ಅವರ ಮಾತನ್ನು ಅರ್ಧಕ್ಕೆ ತಡೆದು ಲೆಕ್ಕವನ್ನು ಒಪ್ಪಿಸಿದೆ.

ಇವಳು ನನ್ನ ಕಡೆ ತಿರುಗಿ, ‘ನಮ್ಮ ಬಚ್ಚಲೊಲೆಯ ಬಿಸಿಯೂ ಅರ್ಧ ಹಂಚಿನ ಸಂದಿಯಲ್ಲಿ ಆಕಾಶಕ್ಕೇ ಹೋಗ್ತಿತ್ತು. ನಮ್ಮಪ್ಪ ಯಾವತ್ತೂ ಲೆಕ್ಕ ಹಾಕಲಿಲ್ಲ’ ಎಂದಳು.

‘ನಿಮ್ಮಪ್ಪನಿಗೆ ಸೌದೆ ತೋಟದಲ್ಲೇ ಸಿಗ್ತಿತ್ತು. ಮೇಲಾಗಿ ಅಲ್ಲಿ ಹಂಡೆಯ ನೀರು ಕಾಯ್ತಿತ್ತು. ನೀವು ಕಾಯಿಸಿಕೊಂಡದ್ದು ಮಿಕ್ಕ ಬಿಸಿಯಲ್ಲಿ. ಇಲ್ಲಿ ಏನು ಕಾಯ್ತಿದೆ? ಬೀದಿ!’ ಎಂದೆ. ಶಾಸ್ತ್ರಸಮ್ಮತವಾದ ಉತ್ತರವೆಂದು ನನಗೇ ಹೆಮ್ಮೆಯಾಯಿತು.

‘ಇಲ್ಲೂ ಏನೋ ಕಾಯ್ತಾ ಇದೆ ಬಿಡಿ’ ಎಂದಳು.

ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂಬತ್ತೂವರೆಯಾಗಿತ್ತು, ಮಾರನೆಯ ಬೆಳಗ್ಗೆ ವಿಮಾನ, ಮುಷ್ಕರದ ದೆಸೆಯಿಂದ ನಿಲ್ದಾಣಕ್ಕೆ ಬೇಗ ಹೊರಡಬೇಕು. ‘ಬೀದಿ ಕಾಯಿಸಿದ್ದು ಸಾಕು, ಏಳಿ’ ಎಂದು ಎದ್ದು ನಿಂತೆ. ಇವಳು, ‘ಇನ್ನೊಂದು ಸ್ವಲ್ಪ ಹೊತ್ತು ಕೂತುಕೊಳ್ಳೋಣ’ ಎಂದಳು. ನಾನು ಆಗಲೇ ಕೊರಳಿಗೆ ಮಫ್ಲರು ಸುತ್ತಿಕೊಳ್ಳುತ್ತಿದ್ದೆ. ಇಬ್ಬರೂ ಎದ್ದರು.

ಮುಂದಿನದು ಎಲ್ಲರ ಕಥೆಯೂ ಹೌದು. 2020ರ ಮಾರ್ಚಿನಲ್ಲಿ ಲೋಕವೆಲ್ಲ ಬಾಗಿಲು ಹಾಕಿಕೊಂಡಿತು. ಪ್ಯಾರಿಸಿನ ಹೋಟೆಲುಗಳೂ ಮುಚ್ಚಿದವು, ತೆರೆದವು, ಅಕ್ಟೋಬರ್ ಕೊನೆಯಲ್ಲಿ ಮತ್ತೆ ಮುಚ್ಚಿದವು. ಆರು ತಿಂಗಳಿಗೂ ಹೆಚ್ಚು ಕಾಲ ಮುಚ್ಚಿದ್ದು, 2021ರ ಮೇ 19ರಂದು ತೆರಾಸುಗಳನ್ನು ಮಾತ್ರ ತೆರೆಯಲು ಅಪ್ಪಣೆಯಾಯಿತು. ಊರಿಗೆ ಊರೇ ಬೀದಿಯ ಕುರ್ಚಿಗಳಿಗೆ ಬಂದು ಕುಳಿತಿತಂತೆ. ಅದಕ್ಕೆ ಮೂರು ದಿನ ಮುಂಚೆ ನನ್ನ ಹೆಂಡತಿ ತೀರಿಕೊಂಡಳು. ಇಲ್ಲಿ ಲಾಕ್‌ಡೌನ್, ಮಗಳು ಬರುವಂತಿರಲಿಲ್ಲ. 19ರ ಸಂಜೆ ಫೋನಿನಲ್ಲಿ ನಾವಿಬ್ಬರೂ ಮಾತಿಲ್ಲದೆ ಇದ್ದೆವು. ಅವಳ ಕಿಟಕಿಯ ಕೆಳಗಿನಿಂದ ಗ್ಲಾಸುಗಳ ಸದ್ದು, ನಗು, ಕುರ್ಚಿ ಎಳೆಯುವ ಸದ್ದು ಕೇಳಿಬರುತ್ತಿತ್ತು. ‘ಕಿಟಕಿ ಮುಚ್ಚುತ್ತೇನೆ ಅಪ್ಪಾ’ ಎಂದಳು. ‘ಬೇಡ, ಕೇಳಲಿ ಬಿಡು’ ಎಂದೆ. ಏಕೆ ಹಾಗೆಂದೆನೋ ಆಗ ನನಗೇ ತಿಳಿಯಲಿಲ್ಲ.

2022ರ ಡಿಸೆಂಬರಿನಲ್ಲಿ ಮಗಳ ಒತ್ತಾಯಕ್ಕೆ ಮತ್ತೆ ಹೋದೆ. ಈ ಸಲ ಒಬ್ಬನೇ.

ಅಷ್ಟರಲ್ಲಿ ಅಲ್ಲಿನ ಕಾನೂನು ನನ್ನ ಪಕ್ಷಕ್ಕೆ ಬಂದಿತ್ತು. ಚೀಟಿ ಎತ್ತಿ ಆರಿಸಿದ 150 ಮಂದಿ ಸಾಮಾನ್ಯ ಪ್ರಜೆಗಳ ಒಂದು ಸಭೆ 2019ರ ಅಕ್ಟೋಬರಿನಿಂದ ಎಂಟು ಒಂಬತ್ತು ತಿಂಗಳು ಕೂಡಿ ಚರ್ಚಿಸಿ, ಭೂಮಿಯ ತಾಪ ಏರದಂತೆ ದೇಶ ಏನು ಮಾಡಬೇಕೆಂದು ಸಲಹೆ ಕೊಟ್ಟಿತು. ನಾನು ಅಲ್ಲಿ ಕುಳಿತು ಯೂನಿಟ್ಟು ಎಣಿಸುತ್ತಿದ್ದ ದಿನಗಳಲ್ಲೇ ಅವರೂ ಎಣಿಸುತ್ತಿದ್ದರೆಂದಾಯಿತು. ಬಯಲಿನ ತೆರಾಸುಗಳಲ್ಲಿ ಒಲೆ ಹಚ್ಚಕೂಡದೆಂಬುದು ಅವರ ಸಲಹೆಗಳಲ್ಲೊಂದು. ರೆನ್ ಎಂಬ ಊರು ಯಾರಿಗೂ ಕಾಯದೆ 2020ರ ಜನವರಿ 1ರಿಂದಲೇ ಅದನ್ನು ನಿಷೇಧಿಸಿತ್ತು. ಸರ್ಕಾರ 2020ರ ಜುಲೈನಲ್ಲಿ ನಿಷೇಧವನ್ನು ಪ್ರಕಟಿಸಿತಾದರೂ, ಸಾಂಕ್ರಾಮಿಕದಿಂದ ನೊಂದ ಹೋಟೆಲಿನವರ ಮೇಲೆ ಕರುಣೆಯಿಟ್ಟು ಮುಂದಕ್ಕೆ ಹಾಕಿ, ಕೊನೆಗೆ 2022ರ ಮಾರ್ಚ್ ಕೊನೆಯಿಂದ ಇಡೀ ದೇಶದಲ್ಲಿ ಜಾರಿಗೆ ತಂದಿತು. ಮಾಡೂ ಗೋಡೆಗಳೂ ಇದ್ದು ಭದ್ರವಾಗಿ ಮುಚ್ಚಿದ ಜಾಗಕ್ಕೆ ವಿನಾಯಿತಿ. ಮೀರಿದವರಿಗೆ 1,500 ಯೂರೋವರೆಗೆ ದಂಡ.

ಆ ವರ್ಷ ಚಳಿಗಾಲದಲ್ಲಿ ವಿದ್ಯುತ್ತಿಗೂ ಬರ. ಉಕ್ರೇನಿನ ಯುದ್ಧದಿಂದ ಗ್ಯಾಸಿನ ಬೆಲೆ ಏರಿತ್ತು. ಫ್ರಾನ್ಸಿನ ಹಲವು ಅಣುವಿದ್ಯುತ್ ಘಟಕಗಳು ದುರಸ್ತಿಗಾಗಿ ನಿಂತಿದ್ದವು. ಕೋಣೆಗಳನ್ನು 19 ಡಿಗ್ರಿಗಿಂತ ಹೆಚ್ಚು ಕಾಯಿಸಬೇಡಿ ಎಂದು ಸರ್ಕಾರ ಸಾರಿತ್ತು. ಐಫೆಲ್ ಗೋಪುರದ ದೀಪಗಳನ್ನೂ ರಾತ್ರಿ 11-45ಕ್ಕೇ ಆರಿಸುತ್ತಿದ್ದರು. ನನ್ನ ಶಾಸ್ತ್ರಕ್ಕೆ ಇಷ್ಟು ಗೌರವ ಸಿಕ್ಕಿದ್ದನ್ನು ಹಿಂದೆಂದೂ ನಾನು ಕಂಡಿರಲಿಲ್ಲ.

ಸಂಜೆ ಮಗಳೊಡನೆ ಕೆಳಗಿಳಿದೆ. ಅದೇ ಮೂಲೆ, ಅದೇ ಬೆತ್ತದ ಕುರ್ಚಿಗಳು. ಚಪ್ಪರದ ಕೆಳಗೆ ದೀಪಗಳಿದ್ದ ಕಡೆ ಎಂಟು ಜೊತೆ ಕಬ್ಬಿಣದ ಕೊಕ್ಕೆಗಳು ಮಾತ್ರ ಉಳಿದಿದ್ದವು. ಜನ ಬಾರದೆ ಹೋಗಿರಬಹುದೆಂದು ನಾನು ತಿಳಿದಿದ್ದೆ. ಇಲ್ಲ, ಅರ್ಧಕ್ಕಿಂತ ಹೆಚ್ಚು ಕುರ್ಚಿಗಳು ತುಂಬಿದ್ದವು. ಪ್ರತಿ ಕುರ್ಚಿಯ ಬೆನ್ನಿಗೂ ಒಂದು ಕಂಬಳಿ ಮಡಚಿ ಹಾಕಿದ್ದರು. ಅದನ್ನು ಮೊಣಕಾಲಿನ ಮೇಲೆ ಹೊದ್ದು, ಕೋಟಿನ ಕಾಲರು ಎತ್ತಿಕೊಂಡು, ಬಾಯಲ್ಲಿ ಹಬೆ ಬಿಡುತ್ತ ಜನ ಬೀದಿ ನೋಡುತ್ತ ಕುಳಿತಿದ್ದರು.

‘ಒಳಗೆ ಬೆಚ್ಚಗಿದೆಯಲ್ಲ, ಇವರೇಕೆ ಇಲ್ಲಿ ನಡುಗುತ್ತಾರೆ?’ ಎಂದು ಕೇಳಿದೆ. ಮಗಳು 2015ರ ನವೆಂಬರ್ 13ರ ಮಾತು ತೆಗೆದಳು. ಆ ಶುಕ್ರವಾರ ರಾತ್ರಿ ಭಯೋತ್ಪಾದಕರು ಇಂಥವೇ ತೆರಾಸುಗಳಲ್ಲಿ ಊಟಕ್ಕೆ ಕುಳಿತಿದ್ದವರ ಮೇಲೆ ಗುಂಡು ಹಾರಿಸಿದ್ದರು. ಅಂದು ಊರಿನ ಬೇರೆ ಬೇರೆ ಕಡೆ ಸತ್ತವರು ಒಟ್ಟು 130 ಮಂದಿ. ಕೆಲವೇ ದಿನಗಳಲ್ಲಿ ಜನ ಬೇಕೆಂದೇ ಮತ್ತೆ ತೆರಾಸುಗಳಿಗೆ ಬಂದು ಕುಳಿತರು. ‘ಅಂಥ ರಾತ್ರಿಗೆ ಹೆದರದವರು ಚಳಿಗೆ ಹೆದರ್ತಾರಾ ಅಪ್ಪಾ? ಇವರಿಗೆ ದೀಪ ಇದ್ದರೆ ಸಂತೋಷ, ಇಲ್ಲದಿದ್ದರೂ ಇಲ್ಲೇ ಕೂತ್ಕೋತಾರೆ’ ಎಂದಳು.

ನನ್ನ ಲೆಕ್ಕ ಸರಿಯಾಗಿತ್ತು, ಕಂಬಳಿಯೂ ಸಾಕಾಗಿತ್ತು. ಬೀದಿ ಕಾಯಿಸುವ ಒಲೆ ಇಲ್ಲದೆಯೂ ಜಗಲಿ ಜಗಲಿಯಾಗಿಯೇ ಉಳಿದಿತ್ತು. ಇದಕ್ಕಿಂತ ದೊಡ್ಡ ಜಯ ಒಬ್ಬ ಅರ್ಥಶಾಸ್ತ್ರದ ಮೇಷ್ಟ್ರಿಗೆ ಏನು ಬೇಕು? ಆದರೆ ನಾನು ತಲೆಯೆತ್ತಿ ಆ ಖಾಲಿ ಕೊಕ್ಕೆಗಳನ್ನು ನೋಡಿದಾಗ, ಅಂಗೈ ಮೇಲಕ್ಕೆತ್ತಿ ಕೆನ್ನೆಗೆ ಒತ್ತಿಕೊಂಡ ಒಬ್ಬಳ ನೆನಪು ಬಂದು, ನನಗೆ ಆ ಜಯ ಬೇಡವೆನಿಸಿತು.

ಸೂಪು ಬಂತು. ಅದೇ ಸಿಹಿಗುಂಬಳ. ಬೀದಿಯ ಕಡೆ ನೋಡುತ್ತ ಕೇಳಿದೆ: ‘ಅಂದು ನಿಮ್ಮಮ್ಮ ನಿನಗೆ ಏನೋ ಹೇಳುತ್ತಿದ್ದಳಲ್ಲ, ಏನದು?’

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಅರ್ಧ ಹೇಳಿದಳು ಅಪ್ಪಾ. ನೀನು ಓದು ಬಿಡಬೇಡ, ನನಗೆ ನಿನ್ನ ಮೇಲೆ ಕೋಪ ಬಂದದ್ದು ಮದುವೆ ಬೇಡ ಎಂದದ್ದಕ್ಕಲ್ಲ, ಅಂದಳು. ಮತ್ತೇಕೆ ಅಂತ ಕೇಳಿದೆ. ಅಷ್ಟರಲ್ಲಿ ನೀವು ಯೂನಿಟ್ಟಿನ ಲೆಕ್ಕ ಹೇಳಿದಿರಿ. ಉಳಿದದ್ದನ್ನು ಆಮೇಲೆ ಫೋನಿನಲ್ಲಿ ಹೇಳ್ತೀನಿ ಅಂದಿದ್ದಳು. ಫೋನಿನಲ್ಲಿ ಅಂಥದ್ದೆಲ್ಲ ಹೇಳೋದಕ್ಕೆ ಆಗುತ್ತಾ? ಊಟ ಆಯ್ತಾ, ಮಳೆ ಬಂತಾ, ಅಷ್ಟೇ ಆಯಿತು.’

ಉಳಿದರ್ಧ ನನಗೆ ಗೊತ್ತಿತ್ತು. ಅದು ನನ್ನದೇ ಕಥೆ. ಮದುವೆಯಾದಾಗ ಅವಳಿಗೆ ಹತ್ತೊಂಬತ್ತು. ಬಿ.ಎ. ಮೊದಲ ವರ್ಷ ಮುಗಿದಿತ್ತು. ‘ಮದುವೆಯಾದ ಮೇಲೂ ಓದಿಸುತ್ತೇನೆ’ ಎಂದು ಅವಳ ತಂದೆಗೆ ಮಾತು ಕೊಟ್ಟವನು ನಾನು. ಮೊದಲ ವರ್ಷ ಮನೆ ಹೂಡುವುದಾಯಿತು. ಎರಡನೆಯ ವರ್ಷ ನನ್ನ ವರ್ಗಾವಣೆ. ಮೂರನೆಯ ವರ್ಷ ಮಗು. ಆಮೇಲೆ ಅವಳೂ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಅವಳ ಪುಸ್ತಕಗಳು ಅಟ್ಟದ ಮೇಲೆ ಬಹಳ ವರ್ಷ ಇದ್ದವು. ಈ ಮೂವತ್ತು ವರ್ಷವೂ ನಾನು ತರಗತಿಯಲ್ಲಿ ಹೆಣ್ಣುಮಕ್ಕಳಿಗೆ, ‘ಯಾವ ಕಾರಣಕ್ಕೂ ಓದು ಬಿಡಬೇಡಿರಮ್ಮ’ ಎಂದು ಉಪದೇಶ ಮಾಡುತ್ತಲೇ ಇದ್ದೆ. ಮಗಳು ಧೈರ್ಯವಾಗಿ ‘ಬೇಡ’ ಎಂದಾಗ ತಾಯಿಗೆ ಬಂದದ್ದು ಕೋಪವಲ್ಲ. ತಾನು ಹಾಗೆ ಹೇಳಲಿಲ್ಲವಲ್ಲ ಎಂಬ ಸಂಕಟ. ಅದನ್ನು ಅವಳು ನನ್ನೊಡನೆ ಒಂದೇ ಒಂದು ಸಲ, ದೀಪ ಆರಿಸಿದ ಮೇಲೆ, ಕತ್ತಲಲ್ಲಿ ಹೇಳಿದ್ದಳು. ನಾನು ನಿದ್ದೆ ಬಂದವನ ಹಾಗೆ ಇದ್ದುಬಿಟ್ಟಿದ್ದೆ.

ಇದನ್ನೆಲ್ಲ ಅಂದು ಮಗಳಿಗೆ ಹೇಳಿದೆ. ಎದುರೆದುರು ಕುಳಿತಿದ್ದರೆ ಹೇಳಲಾಗುತ್ತಿರಲಿಲ್ಲ. ಬೀದಿಯಲ್ಲಿ ಸೈಕಲ್ಲುಗಳು ಹೋಗುತ್ತಿದ್ದವು, ಒಬ್ಬ ಮುದುಕಿ ನಾಯಿಯನ್ನು ನಡೆಸಿಕೊಂಡು ಹೋದಳು. ಅವರನ್ನು ನೋಡುತ್ತ ಹೇಳಿದೆ. ಮಗಳು ನಡುವೆ ಒಂದು ಮಾತನ್ನೂ ಆಡಲಿಲ್ಲ. ಹೇಳಿ ಮುಗಿದ ಮೇಲೆ, ಜಾರಿದ್ದ ಕಂಬಳಿಯನ್ನು ನನ್ನ ಮೊಣಕಾಲಿನ ಮೇಲೆ ಸರಿಮಾಡಿ ಹೊದಿಸಿದಳು.

ಸೂಪು ಆರಿಹೋಗಿತ್ತು. ಚಳಿ ಶೂನ್ಯದ ಹತ್ತಿರಕ್ಕೆ ಇಳಿದಿತ್ತು. ಮಾಣಿ ದೂರದ ಮೇಜುಗಳ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಲು ತೊಡಗಿದ್ದ. ‘ಮೇಲೆ ಹೋಗೋಣವೆ ಅಪ್ಪಾ? ನಿಮ್ಮ ಕೈ ಮರಗಟ್ಟಿದೆ’ ಎಂದಳು ಮಗಳು.

‘ಇನ್ನೊಂದು ಸ್ವಲ್ಪ ಹೊತ್ತು ಕೂತುಕೊಳ್ಳೋಣ’ ಎಂದೆ.